ಬ್ಯಾಟರಿಯ ಕಾವಲು, ಬಿದ್ದ ಡ್ರೋನಿನ ಕೂಗು: ಕಾಫಿ ತೋಟದ ಮೇಲೆ ಹಾರಿಸುವವರು ಯಾವ ಅಲಾರಂ ಕೊಳ್ಳಬೇಕು?

ಮಾರ್ಚ್ ತಿಂಗಳ ಒಂದು ಸಂಜೆ ಆಲ್ದೂರಿನ ಕಡೆಯ ತೋಟವೊಂದರ ಕಣದಿಂದ ನಾನು ಎತ್ತಿದ ಐದು ಇಂಚಿನ ಪ್ರೊಪೆಲ್ಲರಿನ ಡ್ರೋನು ಸಿಲ್ವರ್ ಮರದ ಕೊಂಬೆಗೆ ತಗುಲಿ ಅರೇಬಿಕಾ ಗಿಡಗಳ ನಡುವೆ ಬಿತ್ತು. ಬಿದ್ದ ಜಾಗ ಕಣದಿಂದ ನೂರೈವತ್ತು ಹೆಜ್ಜೆಗಿಂತ ದೂರವಿರಲಿಲ್ಲ, ಡ್ರೋನಿನಲ್ಲಿ ಬಜರ್ ಇತ್ತು, ರಿಮೋಟಿನಲ್ಲಿ ಅದನ್ನು ಕೂಗಿಸುವ ಸ್ವಿಚ್ಚೂ ಇತ್ತು. ಸ್ವಿಚ್ ಒತ್ತಿ ಕಿವಿಗೊಟ್ಟು ನಿಂತೆ. ಜೀರುಂಡೆಗಳ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಎರಡು ದಿನಗಳ ನಂತರ ಮೆಣಸು ಕೊಯ್ಯಲು ಬಂದವರೊಬ್ಬರು ಗಿಡದ ಬುಡದಲ್ಲಿ ಅದನ್ನು ಕಂಡು ತಂದುಕೊಟ್ಟಾಗ ಕಾರಣ ತಿಳಿಯಿತು. ಬಿದ್ದ ರಭಸಕ್ಕೆ ಕಟ್ಟುಪಟ್ಟಿ ಜಾರಿ, ಬ್ಯಾಟರಿ ಕಳಚಿಕೊಂಡು ನಾಲ್ಕು ಮಾರು ಆಚೆ ತರಗೆಲೆಯೊಳಗೆ ಸೇರಿತ್ತು. ಅಳೆದು ನೋಡಿದರೆ ಪ್ರತಿ ಸೆಲ್ಲಿನಲ್ಲಿಯೂ 3.8 ವೋಲ್ಟ್ ಹಾಗೆಯೇ ಉಳಿದಿತ್ತು. ಕೂಗಲು ಬೇಕಾದ ವಿದ್ಯುತ್ತಿಗೆ ಕೊರತೆಯಿರಲಿಲ್ಲ, ಅದನ್ನು ಬಜರಿಗೆ ಮುಟ್ಟಿಸುವ ತಂತಿ ಮಾತ್ರ ಜೊತೆಗಿರಲಿಲ್ಲ.

ಈ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ಮಾರುಕಟ್ಟೆಯಲ್ಲಿ ‘ಬ್ಯಾಟರಿ ಮಾನಿಟರ್ ಮತ್ತು ಲಾಸ್ಟ್ ಮಾಡೆಲ್ ಅಲಾರಂ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮಾರುವ ಸಾಧನಗಳು ಹಲವಿವೆ. ಆದರೆ ಬ್ಯಾಟರಿಯ ಮಟ್ಟವನ್ನು ಕಾಯುವುದು ಮತ್ತು ಬಿದ್ದ ಡ್ರೋನನ್ನು ಕೂಗಿ ತೋರಿಸುವುದು ಸ್ವಭಾವದಲ್ಲಿಯೇ ಬೇರೆ ಬೇರೆ ಕೆಲಸಗಳು. ಮೊದಲನೆಯದು ಮುಖ್ಯ ಬ್ಯಾಟರಿಗೆ ಅಂಟಿಕೊಂಡೇ ಇರಬೇಕು. ಎರಡನೆಯದು ಮುಖ್ಯ ಬ್ಯಾಟರಿ ಹೋದ ಮೇಲೂ ಬದುಕಿರಬೇಕು. ಕೊಳ್ಳುವವರು ಈ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡಿದರೆ ಆಯ್ಕೆ ಬಹುಪಾಲು ಸುಲಭವಾಗುತ್ತದೆ.

ಬ್ಯಾಟರಿಯನ್ನು ಕಾಯುವ ಸಾಧನಗಳು

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಅದು ಶಾಶ್ವತವಾಗಿ ಕೆಡುವ, ಊದಿಕೊಳ್ಳುವ ಅಪಾಯವಿದೆ. ಹಾರಾಟದಲ್ಲಿರುವಾಗ 3.5 ವೋಲ್ಟ್ ತೋರಿಸಿದರೆ ಇಳಿಸಲು ಹೊರಡುವುದು ಬಹುತೇಕ ಹವ್ಯಾಸಿಗಳು ಪಾಲಿಸುವ ರೂಢಿ. ವೇಗವಾಗಿ ಏರಿಸಿದಾಗ ವೋಲ್ಟೇಜ್ ಕ್ಷಣಕಾಲ ಕುಸಿದು, ಥ್ರಾಟಲ್ ಇಳಿಸಿದೊಡನೆ ಮತ್ತೆ ಮೇಲೇರುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನ ಚಳಿಯಲ್ಲಿ ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ಹಾರಿಸಿದವರಿಗೆ ಈ ಕುಸಿತ ಇನ್ನೂ ಹೆಚ್ಚೆಂಬುದು ಗೊತ್ತಿರುತ್ತದೆ, ಏಕೆಂದರೆ ತಣ್ಣಗಿನ ಬ್ಯಾಟರಿಯ ಒಳರೋಧ ಹೆಚ್ಚಿರುತ್ತದೆ. ಅಂತಹ ಬೆಳಿಗ್ಗೆ ಬ್ಯಾಟರಿಯನ್ನು ಸ್ವೆಟರಿನ ಒಳಜೇಬಿನಲ್ಲಿಟ್ಟುಕೊಂಡು ಹೋಗುವುದು ಯಾವ ಅಲಾರಂಗಿಂತಲೂ ಅಗ್ಗದ ಉಪಾಯ.

ಅತಿ ಕಡಿಮೆ ಬೆಲೆಗೆ ಸಿಗುವುದು ಬ್ಯಾಟರಿಯ ಬ್ಯಾಲೆನ್ಸ್ ತಂತಿಗೆ (ಪ್ರತಿ ಸೆಲ್ಲಿನಿಂದಲೂ ಹೊರಬರುವ ತೆಳುತಂತಿಗಳ ಗೊಂಚಲಿಗೆ) ನೇರವಾಗಿ ಚುಚ್ಚುವ ಪುಟ್ಟ ಅಲಾರಂ. ಒಂದರಿಂದ ಎಂಟು ಸೆಲ್ಲಿನವರೆಗೆ ಹೊಂದುವ ಈ ಸಾಧನದಲ್ಲಿ ಅಂಕಿ ತೋರಿಸುವ ಕಿರಿದಾದ ಪರದೆ, ಎರಡು ಬಜರ್ ಮತ್ತು ಮಿತಿಯನ್ನು ಬದಲಿಸುವ ಒಂದು ಗುಂಡಿ ಇರುತ್ತವೆ. ಬೆಲೆ ಒಂದೆರಡು ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಇದರ ಹಿರಿಮೆಯೆಂದರೆ ಇದು ಪ್ರತಿ ಸೆಲ್ಲನ್ನೂ ಪ್ರತ್ಯೇಕವಾಗಿ ಅಳೆಯುತ್ತದೆ. ನಾಲ್ಕು ಸೆಲ್ಲಿನ ಹಳೆಯ ಬ್ಯಾಟರಿಯೊಂದರಲ್ಲಿ ಮೂರು ಸೆಲ್ಲುಗಳು 3.63 ವೋಲ್ಟಿನಲ್ಲಿದ್ದು ನಾಲ್ಕನೆಯದು 3.1ಕ್ಕೆ ಕುಸಿದಿದೆ ಎಂದುಕೊಳ್ಳಿ. ಒಟ್ಟು ಸುಮಾರು 14 ವೋಲ್ಟ್ ಆಗುತ್ತದೆ. ಒಟ್ಟನ್ನು ಮಾತ್ರ ನೋಡಿ ನಾಲ್ಕರಿಂದ ಭಾಗಿಸುವ ಫ್ಲೈಟ್ ಕಂಟ್ರೋಲರ್ (ಡ್ರೋನಿನ ಮಿದುಳಿನಂತಿರುವ ಹಲಗೆ) ‘ಸೆಲ್ಲಿಗೆ 3.5, ಈಗ ಇಳಿಸಲು ಹೊರಟರೆ ಸಾಕು’ ಎನ್ನುತ್ತದೆ, ಚುಚ್ಚುವ ಅಲಾರಂ ಮಾತ್ರ ಆ ನಾಲ್ಕನೆಯ ಸೆಲ್ಲಿನ ಪರವಾಗಿ ಅರಚುತ್ತದೆ.

ಇದರ ಕೊರತೆಗಳೂ ಅಷ್ಟೇ ಸ್ಪಷ್ಟ. ಪ್ರೊಪೆಲ್ಲರುಗಳ ಸದ್ದಿನ ನಡುವೆ, ನೂರು ಮೀಟರ್ ದೂರದಲ್ಲಿ, ಕಣ್ಣಿಗೆ ಗಾಗಲ್ ಕಟ್ಟಿಕೊಂಡವರಿಗೆ ಈ ಕೂಗು ಕೇಳುವುದಿಲ್ಲ. ಕಣ್ಣಳತೆಯಲ್ಲಿ ಹಾರಿಸುವ ಥರ್ಮೋಕೋಲ್ ವಿಮಾನಕ್ಕೆ, ಕಲಿಯುವವರ ಡ್ರೋನಿಗೆ ಇದು ಸಾಕು, ಡ್ರೋನಿನ ಕ್ಯಾಮೆರಾ ಕಂಡದ್ದನ್ನು ಗಾಗಲ್ಲಿನಲ್ಲಿ ನೋಡುತ್ತ ಹಾರಿಸುವ ಎಫ್‌ಪಿವಿ ಹಾರಾಟಕ್ಕೆ ಸಾಲದು. ಕಪ್ಪು ತಂತಿ ಋಣ ಚಿಹ್ನೆಯಿರುವ ಪಿನ್ನಿಗೇ ಬರುವಂತೆ ಚುಚ್ಚಬೇಕು, ಒಂದು ಪಿನ್ ಪಕ್ಕಕ್ಕೆ ಜಾರಿಸಿ ಚುಚ್ಚಿ ಸಾಧನವನ್ನು ಸುಟ್ಟುಕೊಂಡವರಿದ್ದಾರೆ. ಹಾರಾಟ ಮುಗಿದ ಮೇಲೆ ಅದನ್ನು ಕಳಚದೆ ಬಿಟ್ಟರೆ ಸೆಲ್ಲುಗಳಿಂದ ನಿಧಾನವಾಗಿ, ಅದೂ ಅಸಮವಾಗಿ, ವಿದ್ಯುತ್ ಸೋರುತ್ತದೆ. ಬ್ಯಾಲೆನ್ಸ್ ತಂತಿಯನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟದಿದ್ದರೆ ಪ್ರೊಪೆಲ್ಲರ್ ಅದನ್ನು ಕತ್ತರಿಸುವುದು ಒಂದಲ್ಲ ಒಂದು ದಿನ ಖಚಿತ.

ಎರಡನೆಯ ದಾರಿ ಫ್ಲೈಟ್ ಕಂಟ್ರೋಲರಿನ ಅಳತೆಯನ್ನೇ ಗಾಗಲ್ಲಿನ ಪರದೆಯ ಮೇಲೆ ಅಕ್ಷರಗಳಾಗಿ, ಅಥವಾ ಟೆಲಿಮೆಟ್ರಿಯ (ಡ್ರೋನು ರಿಮೋಟಿಗೆ ಮರಳಿ ಕಳಿಸುವ ಮಾಹಿತಿಯ) ಮೂಲಕ ರಿಮೋಟಿನ ಧ್ವನಿಯಾಗಿ ಪಡೆಯುವುದು. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ, ಸರಿಯಾಗಿ ಹೊಂದಿಸಿದರೆ ಸಾಕು. ಫ್ಲೈಟ್ ಕಂಟ್ರೋಲರಿನ ಸಾಫ್ಟ್‌ವೇರ್ ಆದ ಬೀಟಾಫ್ಲೈಟಿನಲ್ಲಿ ಎಚ್ಚರಿಕೆಯ ಮಿತಿ ಮೊದಲಿನಿಂದಲೇ ಸೆಲ್ಲಿಗೆ 3.5 ವೋಲ್ಟ್, ಕನಿಷ್ಠ ಮಿತಿ 3.3 ವೋಲ್ಟ್ ಎಂದಿರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಬಿಡಿಸಿ ಹೇಳಬೇಕು. ಬ್ಯಾಟರಿ ಜೋಡಿಸಿದ ಗಳಿಗೆಯಲ್ಲಿ ಒಟ್ಟು ವೋಲ್ಟೇಜನ್ನು 4.3ರಿಂದ ಭಾಗಿಸಿ, ಬಂದ ಪೂರ್ಣಾಂಕಕ್ಕೆ ಒಂದು ಕೂಡಿಸಿ ಸೆಲ್ಲುಗಳ ಸಂಖ್ಯೆಯನ್ನು ಅದು ಊಹಿಸುತ್ತದೆ. ಹಿಂದಿನ ಹಾರಾಟದಲ್ಲಿ ಬರಿದಾದ ನಾಲ್ಕು ಸೆಲ್ಲಿನ ಬ್ಯಾಟರಿಯನ್ನು ತುಂಬಿದ್ದೆಂದು ತಪ್ಪಾಗಿ ತಿಳಿದು ಜೋಡಿಸಿದಾಗ ಅದು 12.8 ವೋಲ್ಟ್ ಇದ್ದರೆ, ಲೆಕ್ಕದಲ್ಲಿ ಅದು ಮೂರು ಸೆಲ್ಲಿನದಾಗುತ್ತದೆ. ಪರದೆಯಲ್ಲಿ ಸೆಲ್ಲಿಗೆ 4.26 ವೋಲ್ಟ್ ಎಂಬ ಸುಂದರ ಅಂಕಿ ಮೂಡುತ್ತದೆ, ಎಚ್ಚರಿಕೆ ಬರುವುದೇ ಇಲ್ಲ. ಸದಾ ಒಂದೇ ಬಗೆಯ ಬ್ಯಾಟರಿ ಬಳಸುವವರು ಸೆಲ್ಲುಗಳ ಸಂಖ್ಯೆಯನ್ನು ಕೈಯಾರೆ ನಿಗದಿಪಡಿಸಿಬಿಡುವುದು ಒಳ್ಳೆಯದು. ಲಿಪೋ ಬದಲು 18650 ಅಥವಾ 21700 ಮಾದರಿಯ ಲಿಥಿಯಂ ಅಯಾನ್ ಸೆಲ್ ಬಳಸುವವರು ಮಿತಿಯನ್ನು ಕೆಳಗಿಳಿಸಿಕೊಳ್ಳಬೇಕು, ಇಲ್ಲವಾದರೆ ಹಾರಾಟದ ನಡುವಿನಲ್ಲೇ ಅಲಾರಂ ಶುರುವಾಗುತ್ತದೆ.

ಫ್ಲೈಟ್ ಕಂಟ್ರೋಲರಿನಲ್ಲಿ ಕರೆಂಟ್ ಸೆನ್ಸರ್ ಇದ್ದರೆ ಖರ್ಚಾದ ಮಿಲಿಆಂಪಿಯರ್ ಗಂಟೆಗಳ ಲೆಕ್ಕವೂ ಸಿಗುತ್ತದೆ. ಕುಸಿತ, ಚೇತರಿಕೆಗಳ ಗೊಂದಲ ಇದಕ್ಕಿಲ್ಲದ ಕಾರಣ ನಾನು ಇದನ್ನೇ ಹೆಚ್ಚು ನಂಬುತ್ತೇನೆ. 1500 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ 1200ರಲ್ಲಿ ಎಚ್ಚರಿಕೆ ಇಟ್ಟುಕೊಂಡು, ಚಾರ್ಜ್ ಮಾಡುವಾಗ ಚಾರ್ಜರ್ ತುಂಬಿಸಿದ ಮೊತ್ತದೊಡನೆ ನಾಲ್ಕಾರು ಬಾರಿ ಹೋಲಿಸಿ ಸೆನ್ಸರಿನ ಅಳತೆಯನ್ನು ತಿದ್ದಿಕೊಂಡರೆ, ಚುಚ್ಚುವ ಅಲಾರಂ ಕೇವಲ ನೆಲದ ಮೇಲೆ ಸೆಲ್ ಪರೀಕ್ಷಿಸುವ ಉಪಕರಣವಾಗಿ ಉಳಿಯುತ್ತದೆ. ಆ ಕೆಲಸಕ್ಕೆ ಅದು ಪೆಟ್ಟಿಗೆಯಲ್ಲಿ ಇರಲೇಬೇಕು.

ಎರಡನ್ನೂ ಒಂದರಲ್ಲೇ ಸೇರಿಸಿದ ಸಾಧನಗಳು

ಈ ಜಾತಿಯ ಸಾಧನಕ್ಕೆ ಎರಡು ತಂತಿಗಳಿರುತ್ತವೆ. ಒಂದು ಬ್ಯಾಲೆನ್ಸ್ ಕನೆಕ್ಟರಿಗೆ, ಇನ್ನೊಂದು ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಖಾಲಿ ಚಾನೆಲ್ಲಿಗೆ. ಸೆಲ್ ವೋಲ್ಟೇಜ್ ಇಳಿದರೂ ಕೂಗುತ್ತದೆ, ರಿಮೋಟಿನ ಸ್ವಿಚ್ ತಿರುಗಿಸಿದರೂ ಕೂಗುತ್ತದೆ, ರಿಸೀವರಿನಿಂದ ಬರುವ ಸಂಕೇತ ನಿಂತರೂ ಕೂಗುತ್ತದೆ. ಬ್ಯಾಟರಿ ಒಳಗೆ ಭದ್ರವಾಗಿ ಕೂರುವ ವಿಮಾನ ಮಾದರಿಗಳಿಗೆ ಇದು ಅಚ್ಚುಕಟ್ಟಾದ ವ್ಯವಸ್ಥೆಯೇ ಸರಿ. ಹಾಸನದ ಸುತ್ತಲಿನ ಆಲೂಗಡ್ಡೆ, ಜೋಳದ ಹೊಲಗಳ ಮೇಲೆ ವಿಮಾನ ಹಾರಿಸುವವರಿಗೆ, ಜೋಳ ಆಳೆತ್ತರ ಬೆಳೆದು ನಿಂತ ತಿಂಗಳುಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

‘ಸಂಕೇತ ನಿಂತರೆ ಕೂಗುತ್ತದೆ’ ಎಂಬ ಮಾತನ್ನು ಮಾತ್ರ ಪರೀಕ್ಷಿಸದೆ ನಂಬಬಾರದು. ರಿಮೋಟಿನ ಸಂಪರ್ಕ ತಪ್ಪಿದಾಗ ಕೆಲವು ರಿಸೀವರುಗಳು ಚಾನೆಲ್ಲಿನ ಸಂಕೇತವನ್ನು ಪೂರ್ತಿ ನಿಲ್ಲಿಸುತ್ತವೆ, ಕೆಲವು ಕೊನೆಯ ಸ್ಥಿತಿಯನ್ನೇ ಹಿಡಿದಿಟ್ಟುಕೊಳ್ಳುತ್ತವೆ, ಇನ್ನು ಕೆಲವು ನಾವು ಮೊದಲೇ ಬರೆದಿಟ್ಟ ಫೇಲ್‌ಸೇಫ್ ಸ್ಥಿತಿಗೆ ಹೋಗುತ್ತವೆ. ಮೊದಲನೆಯ ಬಗೆಯಲ್ಲಿ ಅಲಾರಂ ತಾನಾಗಿ ಕೂಗುತ್ತದೆ, ಎರಡನೆಯದರಲ್ಲಿ ಮೌನವಾಗಿರುತ್ತದೆ. ಮೂರನೆಯ ಬಗೆಯದಾದರೆ ಆ ಚಾನೆಲ್ಲಿನ ಫೇಲ್‌ಸೇಫನ್ನು ‘ಕೂಗು’ ಎಂಬ ಕಡೆಗೇ ನಿಗದಿಪಡಿಸಿದಾಗಷ್ಟೇ ಕೆಲಸ ನಡೆಯುತ್ತದೆ. ಪ್ರೊಪೆಲ್ಲರ್ ಕಳಚಿಟ್ಟು, ಎಲ್ಲವನ್ನೂ ಜೋಡಿಸಿ, ರಿಮೋಟನ್ನು ಆಫ್ ಮಾಡಿ ನೋಡುವುದೊಂದೇ ಇದಕ್ಕೆ ಪರೀಕ್ಷೆ.

ಇಂದಿನ ಡ್ರೋನುಗಳಲ್ಲಿ ರಿಸೀವರಿನಿಂದ ಫ್ಲೈಟ್ ಕಂಟ್ರೋಲರಿಗೆ ಎಲ್ಲ ಚಾನೆಲ್ಲುಗಳೂ ಒಂದೇ ಸೀರಿಯಲ್ ಸಂಪರ್ಕದಲ್ಲಿ ಹೋಗುತ್ತವೆ, ಖಾಲಿ ಚಾನೆಲ್ಲಿನ ಪಿನ್ ಎಂಬುದೇ ಇರುವುದಿಲ್ಲ. ಹಾಗಾಗಿ ಈ ಜೋಡಿ ಸಾಧನ ಡ್ರೋನಿಗಿಂತ ವಿಮಾನಕ್ಕೇ ಒಗ್ಗುತ್ತದೆ. ಅದಕ್ಕಿಂತ ದೊಡ್ಡ ತೊಡಕನ್ನು ಮೊದಲೇ ಹೇಳಿದ್ದೇನೆ: ಬಿದ್ದ ರಭಸಕ್ಕೆ ಬ್ಯಾಟರಿ ಹಾರಿಹೋದರೆ ಎರಡು ಕಾವಲುಗಾರರೂ ಒಟ್ಟಿಗೇ ನಿದ್ದೆಹೋಗುತ್ತಾರೆ.

ಬಿದ್ದ ಮೇಲೆ ಕೂಗುವವು

ಫ್ಲೈಟ್ ಕಂಟ್ರೋಲರಿನ ಬಜರ್ ಪ್ಯಾಡುಗಳಿಗೆ ಬೆಸೆಯುವ 5 ವೋಲ್ಟಿನ ಸಾದಾ ಬಜರ್ ಎಲ್ಲಕ್ಕಿಂತ ಹಗುರ, ಅಗ್ಗ. ಮುಖ್ಯ ಬ್ಯಾಟರಿ ಅಂಟಿಕೊಂಡಿರುವವರೆಗೆ ಚೆನ್ನಾಗಿ ದುಡಿಯುತ್ತದೆ. ಆದರೆ ವಿಡಿಯೋ ಟ್ರಾನ್ಸ್‌ಮಿಟರ್ ಸಹಿತ ನಿಂತಲ್ಲೇ ಇಡೀ ಡ್ರೋನು ಸುಮಾರು ಒಂದು ಆಂಪಿಯರ್ ಎಳೆಯುತ್ತಿದ್ದರೆ, ಉಳಿದಿದ್ದ 700 ಮಿಲಿಆಂಪಿಯರ್ ಗಂಟೆ ಮುಕ್ಕಾಲು ಗಂಟೆಯೂ ಬಾರದು. ಹುಡುಕಾಟ ಆ ಅವಧಿಯೊಳಗೆ ಮುಗಿಯಬೇಕು.

ಮೋಟಾರುಗಳನ್ನೇ ಸ್ಪೀಕರಿನಂತೆ ಗುನುಗಿಸುವ ಡಿಶಾಟ್ ಬೀಕನ್ ಸೌಲಭ್ಯಕ್ಕೆ ಬಿಡಿಭಾಗವೇ ಬೇಡ, ಸಾಫ್ಟ್‌ವೇರಿನಲ್ಲಿ ಚಾಲೂ ಮಾಡಿದರಾಯಿತು. ಬಿದ್ದ ರಭಸಕ್ಕೆ ಸಾದಾ ಬಜರ್ ಕಿತ್ತುಹೋದಾಗ ಇದು ಎರಡನೆಯ ಆಸರೆಯಾಗುತ್ತದೆ. ಬಿಎಲ್‌ಹೆಲಿ ಸಾಫ್ಟ್‌ವೇರ್ ಇರುವ ಇಎಸ್‌ಸಿಗಳಲ್ಲಿ (ಮೋಟಾರಿನ ವೇಗ ನಿಯಂತ್ರಕಗಳಲ್ಲಿ) ಥ್ರಾಟಲ್ ಶೂನ್ಯದಲ್ಲಿ ಕೆಲವು ನಿಮಿಷ ನಿಂತರೆ ತಾನಾಗಿಯೇ ಕೂಗುವ ಬೀಕನ್ ಕೂಡ ಉಂಟು. ಸದ್ದು ಹೆಚ್ಚಲೆಂದು ಅದರ ತೀವ್ರತೆಯನ್ನು ತೀರಾ ಏರಿಸಿದರೆ ಮೋಟಾರು ಬಿಸಿಯಾಗುತ್ತದೆ, ಮಿತವಾಗಿರಲಿ. ಅಂಗೈ ಅಗಲದ, ಒಂದೇ ಸೆಲ್ಲಿನ ಪುಟ್ಟ ಡ್ರೋನುಗಳಿಗೆ ಒಂದೊಂದು ಗ್ರಾಮೂ ಭಾರವಾದ್ದರಿಂದ ಅವಕ್ಕೆ ಇದಕ್ಕಿಂತ ಬೇರೆ ಆಯ್ಕೆ ಹುಡುಕುವ ಅಗತ್ಯವಿಲ್ಲ.

ಸ್ವಂತ ಬ್ಯಾಟರಿಯಿರುವ ಬಜರ್ ಮೂರನೆಯದು, ಮಲೆನಾಡಿನ ಮಟ್ಟಿಗೆ ನನ್ನ ಮತವೂ ಇದಕ್ಕೇ. ವೈಫ್ಲೈ ಫೈಂಡರ್ ಈ ಬಗೆಯಲ್ಲಿ ಹೆಸರು ಮಾಡಿದ ಸಾಧನ, ಬೇರೆಯವರದೂ ಇವೆ. ಹಾರುವಾಗ ಫ್ಲೈಟ್ ಕಂಟ್ರೋಲರಿನ 5 ವೋಲ್ಟಿನಿಂದ ತನ್ನ ಪುಟ್ಟ ಸೆಲ್ಲನ್ನು ತುಂಬಿಕೊಳ್ಳುತ್ತದೆ, ಸಾದಾ ಬಜರಿನಂತೆ ಸ್ವಿಚ್ಚಿಗೂ ಓಗೊಡುತ್ತದೆ, ಮುಖ್ಯ ವಿದ್ಯುತ್ ದಿಢೀರನೆ ತಪ್ಪಿದರೆ ಸ್ವಲ್ಪ ಹೊತ್ತು ಕಾದು ತಾನೇ ಬಿಟ್ಟು ಬಿಟ್ಟು ಕೂಗಲಾರಂಭಿಸಿ ಗಂಟೆಗಟ್ಟಲೆ ಮುಂದುವರಿಸುತ್ತದೆ. ಸಾದಾ ಬಜರಿಗಿಂತ ಹಲವು ಪಟ್ಟು ದುಬಾರಿ, ಕೆಲವು ಗ್ರಾಂ ಹೆಚ್ಚು ತೂಕ. ಪ್ರತಿ ಹಾರಾಟದ ನಂತರ ಬ್ಯಾಟರಿ ಕಳಚಿದಾಗಲೂ ಅದರ ಗುಂಡಿ ಒತ್ತಿ ಸುಮ್ಮನಾಗಿಸಬೇಕು. ಮರೆತರೆ ಬಸ್ಸಿನಲ್ಲಿ ಚೀಲದೊಳಗಿಂದ ಕೂಗಿ ಮರ್ಯಾದೆ ತೆಗೆಯುತ್ತದೆ. ಗುಂಡಿಗೆ ಬೆರಳು ತಲುಪುವಂತೆ, ಬಜರಿನ ಬಾಯಿ ಚೌಕಟ್ಟಿನ ಕಾರ್ಬನ್ ಫೈಬರ್ ಹಲಗೆಗೆ ಮುಚ್ಚಿಹೋಗದಂತೆ ಅದನ್ನು ಕೂರಿಸುವುದು ಮುಖ್ಯ.

ಪೊಟ್ಟಣದ ಮೇಲೆ ಬರೆದ ಡೆಸಿಬಲ್ ಅಂಕಿಯನ್ನು ನೋಡಿ ಮಾತ್ರ ಆರಿಸುವವರು ಒಂದು ಲೆಕ್ಕವನ್ನು ಗಮನಿಸಬೇಕು. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹತ್ತು ಸೆಂಟಿಮೀಟರಿನಲ್ಲಿ 100 ಡೆಸಿಬಲ್ ಅಳೆದದ್ದು ಒಂದು ಮೀಟರಿನಲ್ಲಿ 80, ಹತ್ತು ಮೀಟರಿನಲ್ಲಿ 60, ನೂರು ಮೀಟರಿನಲ್ಲಿ 40 ಆಗುತ್ತದೆ. ಇದು ಬಯಲಿನ ಮಾತು. ಕಾಫಿ ಗಿಡದ ದಟ್ಟ ಎಲೆ ಇಂತಹ ಕೀರಲು ಸದ್ದನ್ನು ಇನ್ನಷ್ಟು ನುಂಗುತ್ತದೆ. ಎಷ್ಟು ದೂರದಲ್ಲಿ ಅಳೆದದ್ದೆಂದು ಬರೆಯದ ಡೆಸಿಬಲ್ಲಿಗೆ ಅರ್ಥವಿಲ್ಲ. ಇನ್ನೊಂದು ತೊಂದರೆ ನಮ್ಮ ಊರಿನದೇ. ಈ ಬಜರುಗಳ ಕೀರಲು ದನಿಯೂ ಜೀರುಂಡೆಯ ದನಿಯೂ ಕಿವಿಗೆ ಹತ್ತಿರಹತ್ತಿರವೇ ಕೇಳುತ್ತವೆ. ಭಾವನ ತೋಟದಲ್ಲಿ ಪರೀಕ್ಷೆಗೆಂದು ಗಿಡದ ಬುಡದಲ್ಲಿ ಬಜರ್ ಇಟ್ಟು ನಡೆದಾಗ, ಸಿಮೆಂಟಿನ ಕಣದಲ್ಲಿ ಆಚೆ ತುದಿಯವರೆಗೂ ಸ್ಪಷ್ಟವಾಗಿದ್ದ ದನಿ ಗಿಡಗಳ ನಾಲ್ಕೈದು ಸಾಲು ದಾಟುವಷ್ಟರಲ್ಲಿ ಹುಳದ ದನಿಯೊಡನೆ ಕಲಸಿಹೋಯಿತು. ಆಗ ತಿಳಿದದ್ದೆಂದರೆ, ಎಡೆಬಿಡದ ಒಂದೇ ಸ್ವರಕ್ಕಿಂತ ‘ಪೀ, ಪೀ, ಪೀ’ ಎಂದು ಮೂರು ಬಾರಿ ಕೂಗಿ ನಿಲ್ಲುವ ದನಿಯ ದಿಕ್ಕನ್ನು ಹಿಡಿಯುವುದು ಎಷ್ಟೋ ಸುಲಭ. ಕೊಳ್ಳುವಾಗ ಗಟ್ಟಿ ದನಿಗಿಂತ ಈ ಲಯವನ್ನು ವಿಚಾರಿಸಿ.

ಅವಧಿ ಏಕೆ ಮುಖ್ಯವೆಂಬುದಕ್ಕೆ ಇಲ್ಲಿನ ತೋಟಗಳೇ ಕಾರಣ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ಭಾಗಗಳಲ್ಲಿ ಕಾಡಾನೆಗಳ ಓಡಾಟವಿದೆ. ಸಂಜೆ ಕತ್ತಲು ಕವಿಯುವಾಗ ಬಜರಿನ ದನಿ ಹುಡುಕುತ್ತ ಗಿಡಗಳೊಳಗೆ ನುಗ್ಗುವುದು ಎಷ್ಟು ಬೆಲೆಯ ಡ್ರೋನಿಗೂ ತಕ್ಕ ಸಾಹಸವಲ್ಲ. ಮಳೆಗಾಲವಾದರೆ ಇಂಬಳ, ಮಂಜು, ಕಪ್ಪೆಗಳ ಗದ್ದಲ ಬೇರೆ. ರಾತ್ರಿ ಕಳೆದು ಬೆಳಗಿನ ಎಂಟು ಗಂಟೆಗೂ ಕೂಗುತ್ತಿರಬಲ್ಲ ಸಾಧನವಿದ್ದರೆ ಮನೆಗೆ ಹೋಗಿ ಮಲಗಬಹುದು. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಂತೂ ಹಾರಿಸಲೇಬಾರದು. ಒಳಗೆ ಬಿದ್ದರೆ ಹುಡುಕಲು ಹೋಗುವುದೂ ಅನುಮತಿಯಿಲ್ಲದೆ ಅಪರಾಧವಾಗುತ್ತದೆ. 2021ರ ಡ್ರೋನ್ ನಿಯಮಗಳನ್ವಯ ಎಲ್ಲಿ ಹಾರಿಸಬಹುದೆಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ಹೊರಡಬೇಕು.

ದನಿಯಿಲ್ಲದ ದಾರಿಗಳು

ಜಿಪಿಎಸ್ ಮಾಡ್ಯೂಲ್ ಇದ್ದರೆ ಸಂಪರ್ಕ ತಪ್ಪುವ ಮುಂಚಿನ ಕೊನೆಯ ಅಕ್ಷಾಂಶ, ರೇಖಾಂಶಗಳು ರಿಮೋಟಿನ ಟೆಲಿಮೆಟ್ರಿ ಪುಟದಲ್ಲಿ ಉಳಿದಿರುತ್ತವೆ. ರಿಮೋಟ್ ಆಫ್ ಮಾಡುವ ಮುನ್ನ ಆ ಪುಟದ ಫೋಟೋ ತೆಗೆದುಕೊಳ್ಳಬೇಕು. ಬಜರ್ ಕೇಳಿಸುವ ಹತ್ತು ಮೀಟರ್ ವೃತ್ತದೊಳಗೆ ನಮ್ಮನ್ನು ತಂದು ನಿಲ್ಲಿಸುವುದು ಇದೇ. ಹಾಗಾಗಿ ಜಿಪಿಎಸ್ಸನ್ನು ಬಜರಿಗೆ ಎದುರಾಳಿಯೆಂದು ನೋಡದೆ ಜೊತೆಗಾರನೆಂದು ನೋಡುವುದು ಸರಿ. ಮೇಲೇರುವ ಮುನ್ನ ಕನಿಷ್ಠ ಎಂಟು ಉಪಗ್ರಹಗಳು ಸಿಗುವವರೆಗೆ ಕಣದಲ್ಲಿ ಕಾಯುವ ತಾಳ್ಮೆ ಬೇಕು. ಗಾಗಲ್ಲಿನಲ್ಲಿ ವಿಡಿಯೋ ದಾಖಲಾಗುತ್ತಿದ್ದರೆ ಕೊನೆಯ ಕೆಲವು ಸೆಕೆಂಡುಗಳನ್ನು ನಿಧಾನವಾಗಿ ನೋಡಿ. ಯಾವ ಮರದ ಮೆಣಸಿನ ಬಳ್ಳಿ ಕ್ಯಾಮೆರಾದ ಎದುರು ಬಂತೆಂಬುದನ್ನು ತೋಟದವರು ಒಂದೇ ನೋಟಕ್ಕೆ ಗುರುತಿಸಬಲ್ಲರು.

ಏರ್‌ಟ್ಯಾಗ್ ಮಾದರಿಯ ಬ್ಲೂಟೂತ್ ಬಿಲ್ಲೆಗಳನ್ನು ಕಟ್ಟುವವರೂ ಇದ್ದಾರೆ. ಅದರ ತೂಕ 11 ಗ್ರಾಂ. ಹತ್ತಿರದಲ್ಲಿ ಓಡಾಡುವ ಇತರರ ಆ್ಯಪಲ್ ಫೋನುಗಳ ನೆರವಿನಿಂದ ಅದು ತನ್ನ ಜಾಗವನ್ನು ತಿಳಿಸುತ್ತದೆ. ಹಾಸನ ನಗರದ ಮೈದಾನದ ಬದಿಯಲ್ಲಿ ಉಪಯೋಗಕ್ಕೆ ಬಂದೀತು, ಯಾರೂ ಸುಳಿಯದ ತೋಟದ ಬ್ಲಾಕಿನಲ್ಲಿ ಬಾರದು. ಸಿಮ್ ಹಾಕುವ ಟ್ರ್ಯಾಕರುಗಳ ಹಣೆಬರಹ ಆ ಜಾಗದ ನೆಟ್‌ವರ್ಕಿಗೆ ಕಟ್ಟುಬಿದ್ದಿರುತ್ತದೆ. ಡಿಜೆಐಯಂತಹ ಸಿದ್ಧ ಡ್ರೋನು ಉಳ್ಳವರಿಗೆ ಬ್ಯಾಟರಿಯ ಲೆಕ್ಕ, ಕೊನೆಯ ಜಾಗ, ಸಂಪರ್ಕವಿರುವಾಗ ಕೂಗಿ ದೀಪ ಮಿನುಗಿಸುವ ಸೌಲಭ್ಯ ಎಲ್ಲವೂ ಆ್ಯಪಿನೊಳಗೇ ಇರುವುದರಿಂದ ಮೊದಲು ಅದನ್ನು ಬಳಸಲು ಕಲಿತು, ಆಮೇಲೆ ಹೊರಗಿನ ಸಾಧನದ ಯೋಚನೆ ಮಾಡಲಿ.

ಯಾರಿಗೆ ಯಾವುದು

ಬಯಲುಸೀಮೆಯ ಅಂಚಿನ ಅರಸೀಕೆರೆಯ ಕಡೆ, ತೆರೆದ ಹೊಲದ ಮೇಲೆ, ಕಣ್ಣಳತೆಯಲ್ಲಿ ಹಾರಿಸುವ ಕಾಲೇಜು ವಿದ್ಯಾರ್ಥಿಗೆ ಚುಚ್ಚುವ ಅಲಾರಂ ಮತ್ತು ಸಾದಾ ಬಜರ್ ಸಾಕು. ಉಳಿದ ಹಣಕ್ಕೆ ಇನ್ನೊಂದು ಬ್ಯಾಟರಿ ಬರಲಿ. ವಿಮಾನ ಮಾದರಿಯವರು ಎರಡನ್ನೂ ಸೇರಿಸಿದ ಸಾಧನ ಕೊಳ್ಳಬಹುದು, ಫೇಲ್‌ಸೇಫ್ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು. ತೋಟದ ಮೇಲೆ ಎಫ್‌ಪಿವಿ ಹಾರಿಸುವವರು ಬ್ಯಾಟರಿಯ ಕಾವಲನ್ನು ಗಾಗಲ್ಲಿನ ಪರದೆಗೂ ರಿಮೋಟಿನ ಧ್ವನಿಗೂ ಒಪ್ಪಿಸಿ, ಇರುವ ಹಣವನ್ನೆಲ್ಲ ಸ್ವಂತ ಬ್ಯಾಟರಿಯ ಬಜರಿಗೆ ಮೀಸಲಿಡಲಿ. ಕೈಗೂಡಿದರೆ ಎರಡನೆಯ ಹಂತದಲ್ಲಿ ಜಿಪಿಎಸ್ ಸೇರಲಿ. ಡಿಶಾಟ್ ಬೀಕನ್ ಹೇಗೂ ಬಿಟ್ಟಿಯಾಗಿ ಸಿಗುವುದರಿಂದ ಎಲ್ಲರೂ ಚಾಲೂ ಮಾಡಿಡಲಿ.

ಯಾವುದನ್ನೇ ಕೊಂಡರೂ ಮೊದಲ ಹಾರಾಟಕ್ಕೆ ಮುನ್ನ ಪ್ರೊಪೆಲ್ಲರ್ ಕಳಚಿ, ಡ್ರೋನನ್ನು ಅಂಗಳದಲ್ಲಿಟ್ಟು, ಚಾಲೂ ಇರುವಾಗಲೇ ಬ್ಯಾಟರಿಯ ತಂತಿಯನ್ನು ಎಳೆದುಬಿಡಿ. ಒಂದು ನಿಮಿಷ ಕಾಯಿರಿ. ಆಗ ಕೇಳುವ ಸದ್ದು ಎಷ್ಟೋ, ಬ್ಯಾಟರಿ ಕಳಚಿಕೊಂಡು ತೋಟದೊಳಗೆ ಬಿದ್ದಾಗ ಕೇಳುವುದೂ ಹೆಚ್ಚೆಂದರೆ ಅಷ್ಟೇ.